ಬಿ ವರ್ಗದ ನಕ್ಷತ್ರದ ಅತಿನೇರಳೆ ರೋಹಿತ ಮಾದರಿಗೆ ಹೊಂದುತ್ತಿಲ್ಲ: ದೋಷ ಮಾದರಿಯದೋ, ಅಳತೆಯದೋ?

ಪ್ರಶ್ನೆ: ಪುಬ್ಬೆಮಳೆ

ಸ್ನಾತಕೋತ್ತರ ಪದವಿಯ ಯೋಜನೆಗಾಗಿ ನಾನು ಬಿ2 ವರ್ಗದ ಒಂದು ಮುಖ್ಯಶ್ರೇಣಿ ನಕ್ಷತ್ರದ ರೋಹಿತವನ್ನು ರಾಬರ್ಟ್ ಕುರೂಟ್ಸ್ ಅವರ ಅಟ್ಲಾಸ್9 ವಾತಾವರಣ ಮಾದರಿಗಳೊಡನೆ ಹೋಲಿಸುತ್ತಿದ್ದೇನೆ. ದೃಗ್ಗೋಚರ ಬೆಳಕಿನ ಬಾಮರ್ ಮತ್ತು ಹೀಲಿಯಂ ಗೆರೆಗಳಿಂದ ಪರಿಣಾಮಕಾರಿ ಉಷ್ಣತೆ 21,000 ಕೆಲ್ವಿನ್ ಎಂದೂ ಮೇಲ್ಮೈ ಗುರುತ್ವದ ಲಾಗರಿದಮ್ ಬೆಲೆ 4.0 ಎಂದೂ ದೊರೆತಿದೆ. ಅಂತರತಾರಾ ಧೂಳಿನಿಂದಾದ ಕೆಂಪೇರಿಕೆ, ಅಂದರೆ ಬಿ-ವಿ ವರ್ಣಾಧಿಕ್ಯ, 0.30 ಎಂದು ಹಳೆಯ ಪಟ್ಟಿಯೊಂದರಿಂದ ತೆಗೆದುಕೊಂಡೆ. ಆರ್ ಬೆಲೆ, ಅಂದರೆ ವಿ ಪಟ್ಟಿಯ ಕ್ಷೀಣನಕ್ಕೂ ವರ್ಣಾಧಿಕ್ಯಕ್ಕೂ ಇರುವ ಅನುಪಾತ, 3.1 ಇರುವ ಸರಾಸರಿ ಕ್ಷೀಣನ ರೇಖೆಯನ್ನು (ಧೂಳು ಯಾವ ತರಂಗಾಂತರದಲ್ಲಿ ಎಷ್ಟು ಬೆಳಕನ್ನು ತಡೆಯುತ್ತದೆಂಬ ನಕ್ಷೆಯನ್ನು) ಬಳಸಿ ಅದನ್ನು ತಿದ್ದಿದೆ. ಅತಿನೇರಳೆಯ ದತ್ತಾಂಶ ಐಯುಇ ಉಪಗ್ರಹದ ಕಡಿಮೆ ಪೃಥಕ್ಕರಣದ, ಅಂದರೆ ಸೂಕ್ಷ್ಮ ಗೆರೆಗಳನ್ನು ಬಿಡಿಬಿಡಿಯಾಗಿ ತೋರಿಸದ, ರೋಹಿತಗಳದ್ದು.

ವಿ ಪಟ್ಟಿಯಲ್ಲಿ, ಅಂದರೆ ಹಳದಿ-ಹಸಿರು ಬೆಳಕಿನ ತರಂಗಾಂತರಗಳಲ್ಲಿ, ಮಾದರಿಯನ್ನೂ ಅಳತೆಯನ್ನೂ ಒಂದುಗೂಡಿಸಿದರೆ 4000ದಿಂದ 8000 ಆಂಗ್‌ಸ್ಟ್ರಾಂವರೆಗೆ ಎರಡೂ ಶೇಕಡಾ 2–3ರೊಳಗೆ ಹೊಂದುತ್ತವೆ. ಆದರೆ 1250ರಿಂದ 1700 ಆಂಗ್‌ಸ್ಟ್ರಾಂವರೆಗಿನ ಭಾಗದಲ್ಲಿ ನಕ್ಷತ್ರದ ಬೆಳಕು ಮಾದರಿ ಹೇಳುವುದಕ್ಕಿಂತ ಶೇಕಡಾ 12–15ರಷ್ಟು ಕಡಿಮೆಯಿದೆ, ಮತ್ತು 2175 ಆಂಗ್‌ಸ್ಟ್ರಾಂ ಸುತ್ತ ಒಂದು ಆಳವಿಲ್ಲದ ತಗ್ಗು ಉಳಿದಿದೆ. ಬಿಸಿ ನಕ್ಷತ್ರಗಳಿಗೆ ಸ್ಥಳೀಯ ಉಷ್ಣಸಮತೋಲವನ್ನು ಊಹಿಸುವ ಮಾದರಿಗಳು, ಅಂದರೆ ಎಲ್‌ಟಿಇ ಮಾದರಿಗಳು, ಸಲ್ಲವೆಂದು ಓದಿದ್ದೇನೆ. ಹಾಗಿದ್ದರೆ ಈ ವ್ಯತ್ಯಾಸವನ್ನು ಆ ಊಹೆಯ ಸೋಲೆಂದು ಬರೆಯಬಹುದೇ?

ಉತ್ತರ: ಹಳೆಯ ರೋಹಿತ

ಈಗಲೇ ಹಾಗೆ ಬರೆಯಬೇಡಿ. ಮೊದಲು 2175ರ ತಗ್ಗನ್ನು ನೋಡಿ. ಅದು ನಕ್ಷತ್ರದ್ದಲ್ಲ, ಧೂಳಿನದು. ಕೆಂಪೇರಿಕೆಯನ್ನು ಅಗತ್ಯಕ್ಕಿಂತ ಕಡಿಮೆ ತಿದ್ದಿದಾಗ ಅಲ್ಲಿ ತಗ್ಗು ಉಳಿಯುತ್ತದೆ, ಹೆಚ್ಚು ತಿದ್ದಿದಾಗ ಉಬ್ಬು ಏಳುತ್ತದೆ. ಯಾವ ವಾತಾವರಣ ಮಾದರಿಯೂ ಅಷ್ಟು ಅಗಲವಾದ, ನುಣುಪಾದ ತಗ್ಗನ್ನು ಆ ಜಾಗದಲ್ಲಿ ಹುಟ್ಟಿಸುವುದಿಲ್ಲ. ಆದ್ದರಿಂದ ನಿಮ್ಮ 0.30 ಎಂಬ ಸಂಖ್ಯೆ ಸ್ವಲ್ಪ ಕಡಿಮೆಯಾಗಿರಬೇಕು.

ಆ ‘ಸ್ವಲ್ಪ’ದ ಬೆಲೆ ಎಷ್ಟೆಂದು ಲೆಕ್ಕ ಹಾಕೋಣ. ಸರಾಸರಿ ರೇಖೆಯ ಪ್ರಕಾರ 1500 ಆಂಗ್‌ಸ್ಟ್ರಾಂನಲ್ಲಿ ಕ್ಷೀಣನವು ವರ್ಣಾಧಿಕ್ಯದ ಎಂಟು ಪಟ್ಟಿಗಿಂತ ತುಸು ಹೆಚ್ಚು. ಅಂದರೆ ಸುಮಾರು 2.5 ಕಾಂತಿಮಾನ; ನಿಮ್ಮ ನಕ್ಷತ್ರದ ಅಲ್ಲಿನ ಬೆಳಕಿನಲ್ಲಿ ನಮಗೆ ತಲುಪುತ್ತಿರುವುದು ಹತ್ತರಲ್ಲೊಂದು ಪಾಲು ಮಾತ್ರ, ಉಳಿದ ಒಂಬತ್ತು ಪಾಲನ್ನು ನೀವು ಲೆಕ್ಕದಿಂದ ಮರಳಿ ಸೇರಿಸಿದ್ದೀರಿ. ವರ್ಣಾಧಿಕ್ಯದಲ್ಲಿ 0.02ರಷ್ಟು ತಪ್ಪಿದ್ದರೂ, ವಿ ಪಟ್ಟಿಯಲ್ಲಿ ಸರಿಹೊಂದಿಸಿಕೊಂಡ ಮೇಲೆ, 1500ರಲ್ಲಿ ಸುಮಾರು ಶೇಕಡಾ 10ರಷ್ಟು ವ್ಯತ್ಯಾಸ ಬರುತ್ತದೆ. ಕೃಷ್ಣಕಾಯದ ಸೂತ್ರದಿಂದ ಅಂದಾಜು ಮಾಡಿದರೆ 20,000 ಕೆಲ್ವಿನ್ ಸುತ್ತಮುತ್ತ ಅದೇ ಶೇಕಡಾ 10 ಎಂಬುದು ಉಷ್ಣತೆಯಲ್ಲಿ 600–700 ಕೆಲ್ವಿನ್‌ಗೆ ಸಮ. ಹಳೆಯ ಪಟ್ಟಿಗಳಲ್ಲಿರುವ ವರ್ಣಾಧಿಕ್ಯಗಳಲ್ಲಿ 0.02ರ ಅನಿಶ್ಚಿತತೆ ಸಾಮಾನ್ಯ. ಅದನ್ನು ಸ್ಥಿರಸಂಖ್ಯೆಯೆಂದು ಹಿಡಿಯದೆ, ಉಷ್ಣತೆಯೊಡನೆ ಅದನ್ನೂ ಬಿಟ್ಟು ಹೊಂದಿಸಿ ನೋಡಿ.

ಎರಡನೆಯದು ಅಳತೆಗೋಲಿನ ವಿಷಯ. ಐಯುಇ 1978ರ ಜನವರಿ 26ರಂದು ಹಾರಿ 1996ರ ಸೆಪ್ಟೆಂಬರ್‌ವರೆಗೆ, ಕೇವಲ 45 ಸೆಂಟಿಮೀಟರ್ ವ್ಯಾಸದ ದರ್ಪಣದಿಂದ, ಒಂದು ಲಕ್ಷಕ್ಕೂ ಹೆಚ್ಚು ರೋಹಿತಗಳನ್ನು ಕೊಟ್ಟಿತು. ಕೊನೆಯಲ್ಲಿ ಆ ಎಲ್ಲವನ್ನೂ ಏಕರೀತಿಯಾಗಿ ಮರುಸಂಸ್ಕರಿಸಿ ಸಂಗ್ರಹದಲ್ಲಿಟ್ಟರು. ನೀವು ಇಳಿಸಿಕೊಂಡಿರುವುದು ಬಹುಶಃ ಅದನ್ನೇ. ಡೆರೆಕ್ ಮಾಸ್ಸಾ ಮತ್ತು ಎಡ್ವರ್ಡ್ ಫಿಟ್ಜ್‌ಪ್ಯಾಟ್ರಿಕ್ ಅವರು 2000ದಲ್ಲಿ ಆ ಸಂಗ್ರಹದ ಕಡಿಮೆ ಪೃಥಕ್ಕರಣದ ದತ್ತಾಂಶವನ್ನು ಪರೀಕ್ಷಿಸಿ, ಕ್ಯಾಮೆರಾ, ಕಾಲ ಮತ್ತು ಉಪಕರಣದ ಉಷ್ಣತೆಯನ್ನು ಅವಲಂಬಿಸಿದ ವ್ಯವಸ್ಥಿತ ದೋಷಗಳು ಕೆಲವೆಡೆ ಶೇಕಡಾ 10–15ರವರೆಗೂ ಹೋಗುತ್ತವೆಂದು ತೋರಿಸಿದರು, ತಿದ್ದುಪಡಿಯನ್ನೂ ಕೊಟ್ಟರು. ನಿಮ್ಮ ವ್ಯತ್ಯಾಸದ ಗಾತ್ರವೇ ಅಷ್ಟಿರುವಾಗ ಆ ತಿದ್ದುಪಡಿ ಹಾಕದೆ ಮಾದರಿಯ ಮೇಲೆ ತೀರ್ಪು ಕೊಡಲಾಗದು. ಅದೇ ಇಬ್ಬರು 1999ರಲ್ಲಿ ಅಟ್ಲಾಸ್9 ಮಾದರಿಗಳನ್ನೇ ಬಳಸಿ, ಧೂಳಿನ ರೇಖೆಯನ್ನೂ ನಕ್ಷತ್ರದ ಗುಣಗಳನ್ನೂ ಒಟ್ಟಿಗೆ ಹೊಂದಿಸಿದಾಗ, ಮುಖ್ಯಶ್ರೇಣಿಯ ಬಿ ನಕ್ಷತ್ರಗಳ ಅತಿನೇರಳೆ ರೋಹಿತಗಳು ತೃಪ್ತಿಕರವಾಗಿ ಹೊಂದಿದವು ಎಂಬುದನ್ನೂ ನೆನಪಿಡಿ. ನಿಮ್ಮ ಉಷ್ಣತೆಯಲ್ಲಿ ಎಲ್‌ಟಿಇ ಊಹೆ ಸಾರ್ವತ್ರಿಕವಾಗಿ ಕುಸಿಯುತ್ತದೆ ಎನ್ನುವುದು ಅತಿಮಾತು.

ಇಲ್ಲೊಂದು ಸುತ್ತುಬಳಸಿನ ಸಂಗತಿಯಿದೆ, ಅದನ್ನು ವಿದ್ಯಾರ್ಥಿಗಳಿಗೆ ಯಾರೂ ಹೇಳುವುದಿಲ್ಲ. ಅತಿನೇರಳೆಯಲ್ಲಿ ನಿರಪೇಕ್ಷ ಅಳತೆಗೋಲನ್ನು ಬಹುಮಟ್ಟಿಗೆ ಜಿ191-ಬಿ2ಬಿ ಮುಂತಾದ ಬಿಸಿ ಶ್ವೇತಕುಬ್ಜಗಳ ಮೇಲೆ ನಿಲ್ಲಿಸಲಾಗಿದೆ. ಹಬಲ್‌ನ ಅಳತೆಗೋಲಿಗೆ ಜಿಡಿ 71 ಮತ್ತು ಜಿಡಿ 153 ಕೂಡ ಆಧಾರ. ಆ ಶ್ವೇತಕುಬ್ಜಗಳ ‘ನಿಜವಾದ’ ರೋಹಿತ ಎಲ್ಲಿಂದ ಬಂತು? ವಾತಾವರಣ ಮಾದರಿಯಿಂದಲೇ. ಮಾದರಿಯಿಂದ ಮಾಡಿದ ಅಳತೆಗೋಲಿನಿಂದ ಮಾದರಿಯನ್ನು ಅಳೆಯುತ್ತಿದ್ದೇವೆ. ಶುದ್ಧ ಹೈಡ್ರೋಜನ್ ವಾತಾವರಣದ ಲೆಕ್ಕ ಬಿ ನಕ್ಷತ್ರದ ಲೆಕ್ಕಕ್ಕಿಂತ ಎಷ್ಟೋ ಸರಳವಾದ್ದರಿಂದ ಇದು ಪೂರ್ತಿ ವೃತ್ತವಾಗುವುದಿಲ್ಲ, ಆದರೂ ಜಿ191-ಬಿ2ಬಿಯ ವಾತಾವರಣದಲ್ಲೇ ಕಬ್ಬಿಣ, ನಿಕಲ್‌ಗಳ ಗೆರೆಗಳು ಕಂಡುಬಂದಿವೆ.

ಮಾದರಿಯ ನೆರವನ್ನು ಆದಷ್ಟು ಕಡಿಮೆ ಮಾಡಿ ನಡೆಸಿದ ಪರೀಕ್ಷೆಯೆಂದರೆ 1976ರದು. ಆಸ್ಟ್ರೇಲಿಯಾದ ನ್ಯಾರಾಬ್ರೈಯಲ್ಲಿ ಹ್ಯಾನ್‌ಬರಿ ಬ್ರೌನ್ ಮತ್ತು ಸಂಗಡಿಗರು ತೀವ್ರತಾ ವ್ಯತಿಕರಣಮಾಪಕದಿಂದ 32 ನಕ್ಷತ್ರಗಳ ಕೋನೀಯ ವ್ಯಾಸಗಳನ್ನು ಅಳೆದಿದ್ದರು. 1968ರ ಡಿಸೆಂಬರಿನಲ್ಲಿ ಹಾರಿದ ಓಎಒ-2 ಉಪಗ್ರಹ ಅವೇ ನಕ್ಷತ್ರಗಳ ಅತಿನೇರಳೆ ಬೆಳಕನ್ನು ಅಳೆದಿತ್ತು. ಆರ್ಥರ್ ಕೋಡ್ ಮತ್ತು ಸಹಲೇಖಕರು ಎರಡನ್ನೂ ಕೂಡಿಸಿ, ನಮಗೆ ತಲುಪುವ ಒಟ್ಟು ಶಕ್ತಿಯನ್ನು ಕೋನೀಯ ವ್ಯಾಸದ ವರ್ಗದಿಂದ ಭಾಗಿಸಿ, ನೇರವಾಗಿ ಪರಿಣಾಮಕಾರಿ ಉಷ್ಣತೆಯನ್ನು ಪಡೆದರು. ನಕ್ಷತ್ರದ ದೂರವೂ ಅಲ್ಲಿ ಬೇಕಾಗುವುದಿಲ್ಲ. ತೀರ ಬಿಸಿಯಾದ ನಕ್ಷತ್ರಗಳಲ್ಲಿ ಮಾತ್ರ 912 ಆಂಗ್‌ಸ್ಟ್ರಾಂಗಿಂತ ಕೆಳಗಿನ, ಕಾಣದ ಭಾಗವನ್ನು ಮಾದರಿಯಿಂದ ತುಂಬಬೇಕಾಯಿತು.

ಒಂದು ಎಚ್ಚರಿಕೆ. ಆ ಪಟ್ಟಿಯಲ್ಲಿರುವ ಮಖಾ ನಕ್ಷತ್ರವನ್ನು ಹತ್ತಿರದ್ದು, ಧೂಳಿಲ್ಲದ್ದು ಎಂದು ಆರಿಸಿಕೊಳ್ಳಲು ಆಸೆಯಾಗುತ್ತದೆ. 2005ರಲ್ಲಿ ಛಾರಾ ವ್ಯತಿಕರಣಮಾಪಕದ ಅಳತೆಗಳು ಅದು ವೇಗವಾಗಿ ತಿರುಗಿ ಚಪ್ಪಟೆಯಾಗಿದೆಯೆಂದೂ, ಧ್ರುವದಲ್ಲಿ ಸುಮಾರು 15,400 ಕೆಲ್ವಿನ್, ಸಮಭಾಜಕದಲ್ಲಿ ಸುಮಾರು 10,300 ಕೆಲ್ವಿನ್ ಇದೆಯೆಂದೂ ತೋರಿಸಿದವು. ಅಂಥದ್ದಕ್ಕೆ ಒಂದೇ ಉಷ್ಣತೆಯ ಮಾದರಿಯನ್ನು ಹೊಂದಿಸಿ, ಹೊಂದಲಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ. ಸಪ್ತರ್ಷಿ ಮಂಡಲದ ಬಾಲದ ತುದಿಯ ಮರೀಚಿ, ಬಿ3 ವರ್ಗದ್ದು, ಸುಮಾರು 104 ಜ್ಯೋತಿರ್ವರ್ಷ ದೂರದಲ್ಲಿದೆ, ಧೂಳು ನಗಣ್ಯ. ನಿಮ್ಮ ವಿಧಾನವನ್ನು ಮೊದಲು ಅದರ ಮೇಲೆ ಪ್ರಯೋಗಿಸಿ, ಅಲ್ಲಿ ಹೊಂದಿದರೆ ನಿಮ್ಮ ನಕ್ಷತ್ರಕ್ಕೆ ಮರಳಿ ಬನ್ನಿ.

ಮರುಪ್ರಶ್ನೆ: ಪುಬ್ಬೆಮಳೆ

ತಮ್ಮ ಸಲಹೆಯಂತೆ ಮಾಡಿದೆ. ವರ್ಣಾಧಿಕ್ಯವನ್ನು ಬಿಟ್ಟು ಹೊಂದಿಸಿದಾಗ ಅದು 0.32ಕ್ಕೆ ಬಂದು ನಿಂತಿತು, 2175ರ ತಗ್ಗು ಅಳಿಸಿಹೋಯಿತು. ತಿದ್ದುಪಡಿಯ ನಂತರ 1400ರಿಂದ 1700ರವರೆಗಿನ ಭಾಗ ಶೇಕಡಾ 3ರೊಳಗಿದೆ. ಆದರೆ 1900 ಆಂಗ್‌ಸ್ಟ್ರಾಂ ಆಸುಪಾಸಿನ ಹೀರಿಕೆ ಮಾದರಿಯಲ್ಲಿರುವುದಕ್ಕಿಂತ ಈಗಲೂ ಆಳವಾಗಿದೆ. ಮರೀಚಿಯಲ್ಲಿ ಈ ತೊಂದರೆ ಕಾಣಲಿಲ್ಲ. ಎಲ್‌ಟಿಇ ಊಹೆ ನನ್ನ ನಕ್ಷತ್ರದ ಮಟ್ಟಿಗೆ ಸರಿಯೆಂದು ಬಿಟ್ಟುಬಿಡಬಹುದೇ ಎಂಬುದು ಉಳಿದ ಪ್ರಶ್ನೆ.

ಉತ್ತರ: ದಕ್ಷಿಣದ ಶ್ವಾನ

1900ರ ಸುತ್ತಲಿನದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ ಗೆರೆಗಳ ದಟ್ಟಣೆ. ಬೇರೆ ಬೇರೆಯಾಗಿ ಎಣಿಸಲಾಗದಷ್ಟು ಗೆರೆಗಳು ಒಂದರ ಮೇಲೊಂದು ಬಿದ್ದು ಅಲ್ಲಿ ಬೆಳಕನ್ನು ತಡೆಯುತ್ತವೆ. ಕುರೂಟ್ಸ್ ತಮ್ಮ ಮಾದರಿಗಳಿಗಾಗಿ 5 ಕೋಟಿ 80 ಲಕ್ಷ ಗೆರೆಗಳ ಪಟ್ಟಿ ಮಾಡಬೇಕಾಗಿ ಬಂದದ್ದು ಇಂಥ ತಡೆಯನ್ನು ಲೆಕ್ಕಕ್ಕೆ ತರುವುದಕ್ಕಾಗಿಯೇ. ನೀವು ಬಳಸಿದ ಸಿದ್ಧ ಮಾದರಿಗಳಲ್ಲಿ ಸೂಕ್ಷ್ಮ ಪ್ರಕ್ಷುಬ್ಧತೆಯ, ಅಂದರೆ ವಾತಾವರಣದ ಅನಿಲದ ಸಣ್ಣ ಪ್ರಮಾಣದ ಕಲಕಾಟದ, ವೇಗ ಸೆಕೆಂಡಿಗೆ 2 ಕಿಲೋಮೀಟರ್ ಎಂದು ಇಟ್ಟಿರಬೇಕು. ಅದನ್ನು ಹೆಚ್ಚಿಸಿದರೆ ಪ್ರತಿ ಗೆರೆಯೂ ಅಗಲವಾಗಿ ಒಟ್ಟು ಹೀರಿಕೆ ಆಳವಾಗುತ್ತದೆ. ಕಬ್ಬಿಣದ ಪ್ರಮಾಣವನ್ನು ಹೆಚ್ಚಿಸಿದರೂ ಹಾಗೇ ಆಗುತ್ತದೆ. ಕಡಿಮೆ ಪೃಥಕ್ಕರಣದಲ್ಲಿ ಇವೆರಡನ್ನು ಬೇರ್ಪಡಿಸುವುದು ಕಷ್ಟ, ಐಯುಇಯ ಹೆಚ್ಚಿನ ಪೃಥಕ್ಕರಣದ ರೋಹಿತ ನಿಮ್ಮ ನಕ್ಷತ್ರಕ್ಕೂ ಇದ್ದರೆ ಅದನ್ನು ತೆಗೆದುಕೊಳ್ಳಿ. ಐಯುಇಯ ಎರಡು ಕ್ಯಾಮೆರಾಗಳ ಹರವು ಸೇರುವ ಜಾಗವೂ ಇದೇ ನೆರೆಯಲ್ಲಿದೆಯೆಂಬುದು ನೆನಪಿನಲ್ಲಿರಲಿ, ಅಲ್ಲಿ ಎರಡರ ಸಂವೇದನೆಯೂ ಕಡಿಮೆ.

ಎಲ್‌ಟಿಇ ಸರಿಯೆಂದು ಬಿಟ್ಟುಬಿಡಬಹುದೇ ಎಂಬುದಕ್ಕೆ ನನ್ನ ಉತ್ತರ ಮೇಲಿನವರದಕ್ಕಿಂತ ಸ್ವಲ್ಪ ಭಿನ್ನ. ನಿಮ್ಮ ನಕ್ಷತ್ರದಷ್ಟೇ ಬಿಸಿಯಾದ ಇನ್ನೊಂದನ್ನು ಮಾಗಿಯ ರಾತ್ರಿಗಳಲ್ಲಿ ಬರಿಗಣ್ಣಿನಿಂದಲೇ ನೋಡಬಹುದು. ಲುಬ್ಧಕದ ಕೆಳಗೆ, ದಕ್ಷಿಣಕ್ಕೆ, ಮಹಾಶ್ವಾನ ಪುಂಜದ ಅಧಾರಾ. ಬಿ2 ವರ್ಗದ್ದೇ, ಆದರೆ ಉಬ್ಬಿದ ಉಜ್ವಲ ದೈತ್ಯ. ನ್ಯಾರಾಬ್ರೈ ಪಟ್ಟಿಯಲ್ಲಿ ಅದರ ಕೋನೀಯ ವ್ಯಾಸ 0.80 ಮಿಲಿ ಆರ್ಕ್‌ಸೆಕೆಂಡ್, ಕೋಡ್ ಅವರ ವಿಧಾನದಿಂದ ಬಂದ ಉಷ್ಣತೆ ಸುಮಾರು 21,000 ಕೆಲ್ವಿನ್. ನಮಗೂ ಅದಕ್ಕೂ ನಡುವೆ ತಟಸ್ಥ ಹೈಡ್ರೋಜನ್ ಅತ್ಯಲ್ಪ, ಬಹುತೇಕ ಖಾಲಿ ಸುರಂಗವಿದ್ದಂತೆ. ಸಾಮಾನ್ಯವಾಗಿ 912 ಆಂಗ್‌ಸ್ಟ್ರಾಂಗಿಂತ ಕಿರಿದಾದ ಬೆಳಕನ್ನು ಅಂತರತಾರಾ ಹೈಡ್ರೋಜನ್ ನುಂಗಿಬಿಡುವುದರಿಂದ ಬಿಸಿ ನಕ್ಷತ್ರಗಳ ಆ ಭಾಗವನ್ನು ಯಾರೂ ಕಂಡಿರಲಿಲ್ಲ. 1992ರ ಜೂನ್‌ನಲ್ಲಿ ಹಾರಿದ ಇಯುವಿಇ ಉಪಗ್ರಹ ಅಧಾರಾದಲ್ಲಿ ಅದನ್ನು ಕಂಡಿತು. 1995ರಲ್ಲಿ ಜೋಸೆಫ್ ಕ್ಯಾಸಿನೆಲ್ಲಿ ಮತ್ತು ಸಂಗಡಿಗರು ಅದನ್ನು ಮಾದರಿಗಳೊಡನೆ ಹೋಲಿಸಿದಾಗ, ನಕ್ಷತ್ರದ ಬೆಳಕು ಮಾದರಿ ಹೇಳಿದ್ದಕ್ಕಿಂತ ಸುಮಾರು 30 ಪಟ್ಟು ಹೆಚ್ಚಿತ್ತು. ಶೇಕಡಾ ಮೂವತ್ತಲ್ಲ, ಮೂವತ್ತು ಪಟ್ಟು.

ಅಂದಿನ ಎಲ್‌ಟಿಇ ಮಾದರಿಗಳೂ ಎಲ್‌ಟಿಇ ಅಲ್ಲದ ಮಾದರಿಗಳೂ ಅಲ್ಲಿ ಒಂದೇ ಸಮನೆ ಸೋತವು. ಸರಾಸರಿ ಉಷ್ಣತೆಯನ್ನು ಏರಿಸಿ ಇದನ್ನು ಸರಿಪಡಿಸಲಾಗದು. 600 ಆಂಗ್‌ಸ್ಟ್ರಾಂನಲ್ಲಿ ಉಷ್ಣತೆ ಶೇಕಡಾ 10ರಷ್ಟು ಏರಿದರೆ ಕೃಷ್ಣಕಾಯದ ಬೆಳಕು ಮೂರು ಪಟ್ಟಾದೀತೇ ಹೊರತು ಮೂವತ್ತು ಪಟ್ಟಾಗದು, ಮತ್ತು ಅಷ್ಟು ಏರಿಸಿದರೆ ಐಯುಇ ಭಾಗವೂ ದೃಗ್ಗೋಚರ ಭಾಗವೂ ಕೆಟ್ಟುಹೋಗುತ್ತವೆ. ಲೈಮನ್ ಮಿತಿಯ, ಅಂದರೆ 912 ಆಂಗ್‌ಸ್ಟ್ರಾಂನ, ಕೆಳಗೆ ಹೈಡ್ರೋಜನ್ ಅಷ್ಟು ಅಪಾರದರ್ಶಕವಾದ್ದರಿಂದ ನಾವು ಅಲ್ಲಿ ವಾತಾವರಣದ ತೀರ ಹೊರಪದರವನ್ನಷ್ಟೇ ನೋಡುತ್ತೇವೆ. ಆ ಪದರ ಮಾದರಿಯಲ್ಲಿರುವುದಕ್ಕಿಂತ ಬಿಸಿಯಾಗಿದೆ ಎಂಬುದು ನೇರವಾದ ಓದು. ಯಾಕೆ ಬಿಸಿ ಎಂಬಲ್ಲಿ ಭಿನ್ನಾಭಿಪ್ರಾಯವಿದೆ: ನಕ್ಷತ್ರ ಮಾರುತದಲ್ಲಿ, ಅಂದರೆ ನಕ್ಷತ್ರದಿಂದ ಹೊರಕ್ಕೆ ಹರಿಯುವ ಅನಿಲದಲ್ಲಿ, ಹುಟ್ಟುವ ಎಕ್ಸ್ ಕಿರಣಗಳು ಹಿಮ್ಮುಖವಾಗಿ ಕಾಯಿಸುತ್ತವೆ ಎಂದು ಕೆಲವರು, ಮಾರುತದ ವೇಗಕ್ಷೇತ್ರವೇ ಲೈಮನ್ ಭಾಗದ ಅಯಾನೀಕರಣವನ್ನು ಬದಲಿಸುತ್ತದೆ ಎಂದು ಕೆಲವರು, ಸಮತಲ ಪದರಗಳ ಬದಲು ಗೋಳಾಕಾರದ ವಾತಾವರಣವನ್ನು ಲೆಕ್ಕ ಹಾಕಬೇಕೆಂದು ಮತ್ತೆ ಕೆಲವರು ವಾದಿಸಿದರು. ನನ್ನ ಮಟ್ಟಿಗೆ ಮಾರುತವನ್ನು ಬಿಟ್ಟು ಅಲ್ಲಿಯ ಲೆಕ್ಕ ಪೂರ್ಣವಾಗುವುದಿಲ್ಲ.

ನೀವು 1400ರಿಂದ 1700 ಆಂಗ್‌ಸ್ಟ್ರಾಂವರೆಗೆ ಪಡೆದ ಶೇಕಡಾ 3ರ ಹೊಂದಿಕೆ ಒಳಪದರಗಳ ಬಗ್ಗೆ ಸಾಕ್ಷ್ಯ ನುಡಿಯುತ್ತದೆ, ಹೊರಪದರದ ಬಗ್ಗೆ ಮೌನವಾಗಿರುತ್ತದೆ. ಯೋಜನಾ ವರದಿಯಲ್ಲಿ ‘ಮಾದರಿ ಸರಿಯಿದೆ’ ಎಂದು ಬರೆಯುವಾಗ ಯಾವ ತರಂಗಾಂತರದ ವ್ಯಾಪ್ತಿಯಲ್ಲಿ ಎಂಬುದನ್ನು ಅದೇ ವಾಕ್ಯದಲ್ಲಿ ಸೇರಿಸಿ.

ಉತ್ತರ: ನೀಲ ಮಾರುತ

ಚರ್ಚೆ ಬಿ ನಕ್ಷತ್ರಗಳದ್ದಾದರೂ ಅವುಗಳಿಗಿಂತ ಬಿಸಿಯಾದ ಓ ವರ್ಗದ ನಕ್ಷತ್ರಗಳ ಕಡೆಗೆ ಒಂದು ಹೆಜ್ಜೆ ಇಡುತ್ತೇನೆ, ಯಾಕೆಂದರೆ ಅಲ್ಲಿ ಅತಿನೇರಳೆಯ ಪರೀಕ್ಷೆ ಬೇರೆಯೇ ಬಗೆಯದು. 40,000 ಕೆಲ್ವಿನ್ ನಕ್ಷತ್ರದ ಬೆಳಕಿನ ಶಿಖರ ವೀನ್ ನಿಯಮದಂತೆ 725 ಆಂಗ್‌ಸ್ಟ್ರಾಂ ಬಳಿ, ಅಂದರೆ ಕಾಣದ ಭಾಗದಲ್ಲಿ ಬೀಳುತ್ತದೆ. ಐಯುಇ ಕಾಣುವುದು ಇಳಿಜಾರನ್ನು ಮಾತ್ರ. ಆ ಇಳಿಜಾರಿನ ಓಟ ಉಷ್ಣತೆಯನ್ನು ಅಷ್ಟಾಗಿ ಅವಲಂಬಿಸದ ಕಾರಣ ಅಲ್ಲಿ ಗೆರೆಗಳೇ ಗತಿ. ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ ಗೆರೆಗಳು 1350ರಿಂದ 1500ರ ನಡುವೆ, ಮೂರು ಕಳೆದುಕೊಂಡದ್ದರ ಗೆರೆಗಳು 1550ರಿಂದ 1700ರ ನಡುವೆ ದಟ್ಟವಾಗಿವೆ. ಇವೆರಡರ ಬಲಾಬಲವೇ ಉಷ್ಣಮಾಪಕ. ಇವಾನ್ ಹುಬೆನಿ ಮತ್ತು ಥಿಯರಿ ಲಾನ್ಜ್ ಅವರ ಟಿಲಸ್ಟಿ ಮಾದರಿಗಳು ಸಮತಲ ಪದರಗಳ, ಎಲ್‌ಟಿಇ ಅಲ್ಲದ, ಗೆರೆಗಳ ಹೊದಿಕೆಯನ್ನು (ಅಸಂಖ್ಯ ಗೆರೆಗಳು ಒಟ್ಟಾಗಿ ಬೆಳಕನ್ನು ತಡೆಯುವುದನ್ನು) ಒಳಗೊಂಡ ಲೆಕ್ಕಗಳು: ಓಸ್ಟಾರ್2002 ಜಾಲದಲ್ಲಿ 27,500ರಿಂದ 55,000 ಕೆಲ್ವಿನ್‌ವರೆಗೆ 690 ಮಾದರಿಗಳು, ಬಿಸ್ಟಾರ್2006 ಜಾಲದಲ್ಲಿ 15,000ದಿಂದ 30,000 ಕೆಲ್ವಿನ್‌ವರೆಗೆ 1540. ಪ್ರಶ್ನೆ ಕೇಳಿದವರು ಎರಡನೆಯ ಜಾಲವನ್ನು ಬಳಸಿ ತಮ್ಮ ಹೋಲಿಕೆಯನ್ನು ಮತ್ತೊಮ್ಮೆ ಮಾಡಿದರೆ ಎಲ್‌ಟಿಇಯ ಪ್ರಶ್ನೆಗೆ ತಮ್ಮ ಕೈಯಲ್ಲೇ ಉತ್ತರ ಸಿಗುತ್ತದೆ. ಮಾರುತವೂ ಬೇಕಾದಾಗ ಜಾನ್ ಹಿಲಿಯರ್ ಅವರ ಸಿಎಂಎಫ್‌ಜೆನ್‌ನಂಥ ಗಣಕ ಸಂಕೇತಗಳಿಗೆ ಹೋಗಬೇಕು. ಗೆರೆಗಳ ಹೊದಿಕೆಯನ್ನೂ ಮಾರುತವನ್ನೂ ಸೇರಿಸಿದ ಮೇಲೆ ಓ ನಕ್ಷತ್ರಗಳ ಉಷ್ಣತೆಯ ಶ್ರೇಣಿಯೇ ಹಳೆಯದಕ್ಕಿಂತ ಕೆಲವು ಸಾವಿರ ಕೆಲ್ವಿನ್ ಕೆಳಗಿಳಿಯಿತು.

ಮಾರುತ ಇದೆಯೆಂದು ಕಲಿಸಿದ್ದೇ ಅತಿನೇರಳೆ. 1960ರ ದಶಕದ ನಡುವಿನಲ್ಲಿ ಡೊನಾಲ್ಡ್ ಮಾರ್ಟನ್ ಅವರ ರಾಕೆಟ್ ವೀಕ್ಷಣೆಗಳಲ್ಲಿ ಮಹಾವ್ಯಾಧ ಪುಂಜದ ಬಿಸಿ ನಕ್ಷತ್ರಗಳ ಗೆರೆಗಳು ನೀಲಿಯ ಕಡೆ ಹೀರಿಕೆ, ಕೆಂಪಿನ ಕಡೆ ಹೊಮ್ಮಿಕೆ ಎಂಬ ಜೋಡಿ ರೂಪದಲ್ಲಿ ಕಂಡವು. ಆಮೇಲೆ 1972ರ ಆಗಸ್ಟ್‌ನಲ್ಲಿ ಹಾರಿದ ಕೋಪರ್ನಿಕಸ್ ಉಪಗ್ರಹ 1032 ಮತ್ತು 1038 ಆಂಗ್‌ಸ್ಟ್ರಾಂಗಳಲ್ಲಿ ಐದು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕವನ್ನು ಕಂಡಿತು. ದ್ಯುತಿಗೋಳದ, ಅಂದರೆ ನಕ್ಷತ್ರದ ಕಾಣುವ ಮೇಲ್ಮೈಯ, ಉಷ್ಣತೆಯಲ್ಲಿ ಅಂಥ ಅಯಾನು ಇರಬಾರದಾಗಿತ್ತು. ಎಕ್ಸ್ ಕಿರಣಗಳು ಅದನ್ನು ಹುಟ್ಟಿಸುತ್ತವೆಂದು 1979ರಲ್ಲಿ ಕ್ಯಾಸಿನೆಲ್ಲಿ ಮತ್ತು ಓಲ್ಸನ್ ವಾದಿಸಿದರು, ಐನ್‌ಸ್ಟೈನ್ ವೀಕ್ಷಣಾಲಯ ಅದೇ ಕಾಲಕ್ಕೆ ಓ ನಕ್ಷತ್ರಗಳಿಂದ ಎಕ್ಸ್ ಕಿರಣಗಳನ್ನು ಕಂಡಿತು. ಮಾದರಿಯ ಸೋಲು ಹೊಸ ಭೌತಕಾರಣವನ್ನು ಮುಂಚಿತವಾಗಿ ತೋರಿಸಿಕೊಟ್ಟ ಇಂಥ ನಿದರ್ಶನ ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು.

ಇಂದಿಗೂ ತೀರದ ತಕರಾರು ರಂಜಕದ್ದು. ಇಂಗಾಲ, ಸಾರಜನಕಗಳ ಅತಿನೇರಳೆ ಮಾರುತ ಗೆರೆಗಳು ಸಾಮಾನ್ಯವಾಗಿ ತುಂಬಿ ಹೋಗಿರುವುದರಿಂದ, ಅಂದರೆ ಇನ್ನಷ್ಟು ಆಳವಾಗಲಾರದಷ್ಟು ಬೆಳಕನ್ನು ಆಗಲೇ ಹೀರಿರುವುದರಿಂದ, ಮಾರುತದ ಕೊನೆಯ ವೇಗವನ್ನು ಹೇಳಬಲ್ಲವು, ಎಷ್ಟು ದ್ರವ್ಯ ಹೋಗುತ್ತಿದೆಯೆಂದು ಹೇಳಲಾರವು. ಝೀಟಾ ಪಪ್ಪಿಸ್ ಎಂಬ ಓ ನಕ್ಷತ್ರದಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 2250 ಕಿಲೋಮೀಟರ್. ರಂಜಕ ವಿರಳವಾದ್ದರಿಂದ ಅದರ 1118 ಮತ್ತು 1128 ಆಂಗ್‌ಸ್ಟ್ರಾಂ ಗೆರೆಗಳು ತುಂಬುವುದಿಲ್ಲ. ಫ್ಯೂಸ್ ಉಪಗ್ರಹ ನೋಡುತ್ತಿದ್ದ 905ರಿಂದ 1187 ಆಂಗ್‌ಸ್ಟ್ರಾಂ ವ್ಯಾಪ್ತಿಯಲ್ಲಿ ಅವು ಬೀಳುತ್ತವೆ. ಫುಲ್ಲರ್‌ಟನ್, ಮಾಸ್ಸಾ, ಪ್ರಿಂಜಾ ಅವರು 2006ರಲ್ಲಿ 40 ಓ ನಕ್ಷತ್ರಗಳ ಈ ಗೆರೆಗಳನ್ನು ಅಳೆದಾಗ, ದ್ರವ್ಯನಷ್ಟದ ದರ ಹಿಂದೆ ನಂಬಿದ್ದರ ಹತ್ತರಲ್ಲೊಂದು ಪಾಲು ಅಥವಾ ಅದಕ್ಕೂ ಕಡಿಮೆ ಇರಬಹುದೆಂದು ಕಂಡಿತು. ಹೈಡ್ರೋಜನ್ ಆಲ್ಫಾ ಗೆರೆ ಸಾಂದ್ರತೆಯ ವರ್ಗವನ್ನು ಅನುಸರಿಸುತ್ತದೆ, ರಂಜಕದ ಗೆರೆ ಸಾಂದ್ರತೆಯನ್ನೇ ಅನುಸರಿಸುತ್ತದೆ. ಮಾರುತ ಮುದ್ದೆಮುದ್ದೆಯಾಗಿದ್ದರೆ ಮೊದಲನೆಯದು ದರವನ್ನು ಉಬ್ಬಿಸಿ ಹೇಳುತ್ತದೆ. ಆದರೆ ಮುದ್ದೆಗಳು ತಾವೇ ಅಪಾರದರ್ಶಕವಾಗಿದ್ದರೆ ನಡುವಿನ ಸಂದಿಗಳಿಂದ ಬೆಳಕು ಸೋರಿ ರಂಜಕದ ಗೆರೆ ದುರ್ಬಲವಾಗಿ ಕಾಣುತ್ತದೆ ಎಂದು 2007ರಲ್ಲಿ ಒಸ್ಕಿನೋವಾ, ಹಾಮಾನ್, ಫೆಲ್ಡ್‌ಮೈಯರ್ ತೋರಿಸಿದರು. ಆಗ ದರವನ್ನು ಅಷ್ಟೊಂದು ಇಳಿಸಬೇಕಾಗಿಲ್ಲ. ನನಗೆ ಎರಡನೆಯ ಪಕ್ಷವೇ ಸರಿಯೆನಿಸುತ್ತದೆ.

ಉತ್ತರ: ಗುಚ್ಛವೀಕ್ಷಕ

ಬೆಂಗಳೂರಿನಲ್ಲಿರುವವರು ಸಹಜವಾಗಿ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ ಅತಿನೇರಳೆ ದೂರದರ್ಶಕ ಯುವಿಐಟಿಯ ದತ್ತಾಂಶವನ್ನು ಬಳಸಬಹುದೇ ಎಂದು ಕೇಳುತ್ತಾರೆ, ಆದ್ದರಿಂದ ಒಂದು ಮಾತು. ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾಗಿ, ಹೊಸಕೋಟೆಯ ಪ್ರಯೋಗಾಲಯದಲ್ಲಿ ಜೋಡಣೆಗೊಂಡು, 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಈ ಜೋಡಿ ದೂರದರ್ಶಕ ಮುಖ್ಯವಾಗಿ ಸೋಸುಕಗಳ ಮೂಲಕ ಚಿತ್ರ ತೆಗೆಯುವಂಥದ್ದು. ಒಂದೂವರೆ ಆರ್ಕ್‌ಸೆಕೆಂಡಿನ ಸ್ಪಷ್ಟತೆ ತಾರಾಗುಚ್ಛಗಳಿಗೆ ವರದಾನ. ಎನ್‌ಜಿಸಿ 188 ಗುಚ್ಛದ ಒಂದು ನೀಲಿ ಹಿಂದುಳುಕ ನಕ್ಷತ್ರಕ್ಕೆ (ಗುಚ್ಛದ ಓರಗೆಯವಕ್ಕಿಂತ ಎಳೆಯದಾಗಿ ಕಾಣುವ ನಕ್ಷತ್ರಕ್ಕೆ) ಸುಮಾರು 17,000 ಕೆಲ್ವಿನ್‌ನ ಬಿಸಿ ಜೊತೆಗಾರ ಇದ್ದಾನೆಂದು 2016ರಲ್ಲಿ ಅದರಿಂದಲೇ ತಿಳಿದದ್ದು. ಆದರೆ ಅಲ್ಲಿ ಮಾದರಿಯನ್ನು ನಂಬಿ ನಕ್ಷತ್ರವನ್ನು ಓದಲಾಯಿತು; ನಾಲ್ಕಾರು ಪಟ್ಟಿಗಳ ಪ್ರಕಾಶದಿಂದ ಮಾದರಿಯನ್ನೇ ಪರೀಕ್ಷಿಸಲು ಬರುವುದಿಲ್ಲ. ಅದರ ಅಳತೆಗೋಲು ಕೂಡ ಎಚ್‌ಝಡ್4 ಎಂಬ ಶ್ವೇತಕುಬ್ಜದ್ದು, ಹಾಗಾಗಿ ಮೊದಲ ಉತ್ತರದಲ್ಲಿ ಹೇಳಿದ ಸುತ್ತು ಇಲ್ಲಿಯೂ ಇದೆ.

ಪುಬ್ಬೆಮಳೆ

ಎಲ್ಲರಿಗೂ ಕೃತಜ್ಞತೆಗಳು. ಬಿಸ್ಟಾರ್2006ರ 21,000 ಕೆಲ್ವಿನ್ ಮಾದರಿಯನ್ನು ಇಳಿಸಿಕೊಂಡಿದ್ದೇನೆ; ಅದರಲ್ಲಿ ಸೂಕ್ಷ್ಮ ಪ್ರಕ್ಷುಬ್ಧತೆ ಸೆಕೆಂಡಿಗೆ 2 ಕಿಲೋಮೀಟರ್ ಇರುವುದರಿಂದ ಅಟ್ಲಾಸ್9ನೊಡನೆ ನೇರ ಹೋಲಿಕೆ ಸಾಧ್ಯ. ಮೊದಲು ಎರಡು ಮಾದರಿಗಳನ್ನು ಪರಸ್ಪರ ಭಾಗಿಸಿ, ಅವುಗಳ ನಡುವಿನ ಅಂತರ ನನ್ನ ಅಳತೆಯ ದೋಷಕ್ಕಿಂತ ದೊಡ್ಡದಿರುವ ತರಂಗಾಂತರಗಳು ಯಾವುವೆಂದು ಗುರುತಿಸಿಕೊಳ್ಳುತ್ತೇನೆ. ನಕ್ಷತ್ರದ ಹೆಚ್ಚಿನ ಪೃಥಕ್ಕರಣದ ರೋಹಿತವೊಂದು ಸಂಗ್ರಹದಲ್ಲಿ ಸಿಕ್ಕಿದೆ. 1900ರ ಕಬ್ಬಿಣದ ಗೆರೆಗಳನ್ನು ಅದರಲ್ಲಿ ನೋಡಿದ ಮೇಲೆ ಇಲ್ಲಿಯೇ ಬರೆಯುತ್ತೇನೆ.